ಬಿಟ್ಟುಬಿಟ್ರು ಚಿಕ್ಕಮ್ಮ!

ನನ್ನ ಅಕ್ಕನ ಮಗ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿ ಆಗಿನ್ನೂ ಎಂಟು ತಿಂಗಳಾಗಿತ್ತು. ಊರಿನಲ್ಲಿ ಅವನ ತಂಗಿಯ ಮದುವೆ ನಿಶ್ಚಯವಾಗಿತ್ತು. ಹತ್ತು ದಿನ ರಜೆ ಕೇಳಿ ಅರ್ಜಿ ಹಾಕಿದ್ದ. ಕೊಡುತ್ತಾರೋ ಇಲ್ಲವೋ ಎಂದು ದಿನಾ ರಾತ್ರಿ ನನಗೆ ಫೋನ್ ಮಾಡಿ ಗೋಳಾಡುತ್ತಿದ್ದ. ಒಂದು ಶುಕ್ರವಾರ ಸಂಜೆ ರೈಲಿನಿಂದಲೇ ಫೋನ್ ಬಂತು. ಕಡಲೆಕಾಯಿ ಮಾರುವವನ ಕೂಗಿನ ನಡುವೆ ಇವನ ದನಿ.

"ಬಿಟ್ಟುಬಿಟ್ರು ಚಿಕ್ಕಮ್ಮ! ಹೊರಟು ಬರ್ತಾ ಇದ್ದೀನಿ."

"ಎಷ್ಟು ದಿನ ಕೊಟ್ರೋ?"

"ದಿನ ಏನೂ ಹೇಳ್ಲಿಲ್ಲ. ಹೊರದೇಶದ ಸಾಹೇಬ್ರು ಫೋನಲ್ಲಿದ್ರು. ತುಂಬಾ ಒಳ್ಳೆಯವ್ರು, ಎಷ್ಟು ಮೆತ್ತಗೆ ಮಾತಾಡಿದ್ರು ಗೊತ್ತಾ? 'ವಿ ಆರ್ ಲೆಟಿಂಗ್ ಯು ಗೋ' ಅಂದ್ರು. ನಾನು 'ಥ್ಯಾಂಕ್ಯೂ ಸರ್, ಥ್ಯಾಂಕ್ಯೂ ಸೋ ಮಚ್' ಅಂದೆ. ಒಂದು ಕ್ಷಣ ಸುಮ್ಮನಾಗಿಬಿಟ್ರು. ಆಮೇಲೆ 'ಯು ಆರ್ ಟೇಕಿಂಗ್ ಇಟ್ ವೆರಿ ವೆಲ್' ಅಂದ್ರು."

ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಆ ಹುಡುಗನಿಗೂ ಎಂಟನೇ ತರಗತಿಯಿಂದ ಹತ್ತರವರೆಗೆ ನಾನೇ ಮೇಡಂ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನನ್ನ ಬಾಯಿಂದ ಬಂದದ್ದು ಏನು ಗೊತ್ತೆ? "ಒಳ್ಳೇದಾಯ್ತು ಬಿಡೋ. ಊಟ ಮಾಡ್ಕೊಂಡು ಹತ್ತಿದ್ದೀಯ ತಾನೆ?"

ಸೋಮವಾರ ಬೆಳಿಗ್ಗೆ ಅಕ್ಕನ ಮನೆಯ ಮುಂದೆ ಚಪ್ಪರದ ಗಳ ನೆಡುತ್ತಿದ್ದರು. ಹುಡುಗ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೊಬೈಲ್ ಕೈಗಿಟ್ಟ. ಕಂಪನಿಯ ಈಮೇಲ್. ಲ್ಯಾಪ್‌ಟಾಪ್ ವಾಪಸು ಕಳಿಸಬೇಕಾದ ವಿಳಾಸ, ಗುರುತಿನ ಚೀಟಿ ಒಪ್ಪಿಸುವ ಕ್ರಮ, ಕೊನೆಯ ಕೆಲಸದ ದಿನ ಶುಕ್ರವಾರ ಎಂಬ ಒಂದು ಸಾಲು. ಅವನ ಪ್ರಾಜೆಕ್ಟ್ ಮುಚ್ಚಿತ್ತು, ಅದರಲ್ಲಿದ್ದ ಆರು ಜನರನ್ನೂ ಕೆಲಸದಿಂದ ತೆಗೆದಿದ್ದರು. ಹಾಗೆ ತೆಗೆಯುವಾಗ ಇಂಗ್ಲಿಷಿನವರು 'ತೆಗೆದಿದ್ದೇವೆ' ಎಂದು ಒರಟಾಗಿ ಹೇಳುವುದಿಲ್ಲ. 'ಲೆಟ್ ಗೋ' ಅನ್ನುತ್ತಾರೆ. ಹಕ್ಕಿಯನ್ನು ಪಂಜರದಿಂದ ಬಿಟ್ಟ ಹಾಗೆ!

ಹುಡುಗ ಕೋಪ ಮಾಡಿಕೊಳ್ಳಲಿಲ್ಲ. "ಲೆಟ್ ಅಂದ್ರೆ ಬಿಡು, ಗೋ ಅಂದ್ರೆ ಹೋಗು ಅಂತ ನೀವೇ ಬರೆಸಿದ್ರಿ ಚಿಕ್ಕಮ್ಮ" ಎಂದ, ಅಷ್ಟೆ. ಮದುವೆಗೆಂದು ಸೊಸೈಟಿಯಲ್ಲಿ ಎತ್ತಿದ್ದ ಸಾಲದ ಕಂತು ಅವನ ಸಂಬಳದ ಮೇಲೇ ನಿಂತಿತ್ತು. ಮದುವೆ ಮುಗಿಯುವವರೆಗೆ ಇಬ್ಬರೂ ಯಾರಿಗೂ ಹೇಳಲಿಲ್ಲ. ಧಾರೆಯ ಹೊತ್ತಿನಲ್ಲಿ ಅವನು ನಗುನಗುತ್ತಾ ಓಡಾಡುತ್ತಿದ್ದುದನ್ನು ನೋಡಿ ನನಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಮಾತು ಅರ್ಥವಾಗಿದ್ದರೂ ಕೆಲಸ ಉಳಿಯುತ್ತಿರಲಿಲ್ಲ, ನಿಜ. ಆದರೆ ಆ ಫೋನಿನಲ್ಲೇ ಯಾಕೆ ಎಂದು ಕೇಳಬಹುದಿತ್ತು. ನೋಟಿಸಿನ ಅವಧಿಯ ಸಂಬಳದ ಬಗ್ಗೆ, ಬೇರೆ ವಿಭಾಗದಲ್ಲಿ ಜಾಗ ಇದೆಯೇ ಎಂಬುದರ ಬಗ್ಗೆ, ಅನುಭವದ ಪತ್ರದ ಬಗ್ಗೆ ಮಾತಾಡಬಹುದಿತ್ತು. ಆಚೆ ಕಡೆಯವರು ಕೇಳಿಸಿಕೊಳ್ಳಲು ತಯಾರಾಗಿ ಕೂತಿದ್ದ ಹೊತ್ತಿನಲ್ಲಿ ಇವನು ಥ್ಯಾಂಕ್ಯೂ ಹೇಳಿ ಫೋನ್ ಇಟ್ಟುಬಿಟ್ಟಿದ್ದ.

ಆಮೇಲೆ ಎಷ್ಟೋ ರಾತ್ರಿ ನಾನು ಯೋಚಿಸಿದ್ದು ಇದನ್ನೇ. ಅವನಿಗೆ 'ಮೆಟಿಕ್ಯುಲಸ್' ಎಂಬ ಪದ ಸಿಕ್ಕಿದ್ದರೆ ತಕ್ಷಣ ನಿಘಂಟು ತೆಗೆಯುತ್ತಿದ್ದ. ಗೊತ್ತಿಲ್ಲದ ಪದ ತಾನು ಗೊತ್ತಿಲ್ಲ ಎಂದು ತಾನೇ ಹೇಳಿಕೊಳ್ಳುತ್ತದೆ. 'ಲೆಟ್', 'ಗೋ', 'ಗೆಟ್', 'ಪುಟ್', 'ಟೇಕ್', 'ಆಫ್', 'ಅಪ್' ಇವೆಲ್ಲ ಐದನೇ ತರಗತಿಯಲ್ಲೇ ಪರಿಚಯವಾದವು. ಇವುಗಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ಪರಿಚಿತ ಪದಗಳು ಜೊತೆಯಾಗಿ ಮೂರನೆಯ ಅರ್ಥ ಹೇಳುತ್ತಿವೆ ಎಂಬ ಸುಳಿವೇ ನಮಗೆ ಹತ್ತುವುದಿಲ್ಲ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನವರು 'ರನ್' ಎಂಬ ಪುಟ್ಟ ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥಛಾಯೆಗಳನ್ನು ಪಟ್ಟಿ ಮಾಡಿದ್ದಾರೆ. ನಾನು ಮಕ್ಕಳಿಗೆ ಬರೆಸಿದ್ದು ಒಂದೇ: ಓಡು.

ಕ್ಲಾಸಿನ ಒಂದು ದಿನ ನೆನಪಾಗುತ್ತದೆ. ಗದ್ಯಭಾಗದಲ್ಲಿ ಒಂದು ವಾಕ್ಯವಿತ್ತು: 'ದಿ ಅಲಾರಂ ವೆಂಟ್ ಆಫ್ ಅಟ್ ಫೈವ್'. ಐದು ಗಂಟೆಗೆ ಏನಾಯಿತು ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ, "ಅಲಾರಂ ನಿಂತುಹೋಯ್ತು ಮೇಡಂ!" ಎಂದಿತು. ಅಲ್ಲ, ಹೊಡೆದುಕೊಂಡಿತು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಆಫ್ ಅಂದ್ರೆ ನಿಲ್ಲೋದು ತಾನೆ ಮೇಡಂ? ಫ್ಯಾನ್ ಆಫ್ ಆದ್ರೆ ನಿಲ್ಲುತ್ತೆ. ಅಲಾರಂ ಯಾಕೆ ಹೊಡ್ಕೊಳ್ಳುತ್ತೆ?"

ಬಹಳ ಒಳ್ಳೆಯ ಪ್ರಶ್ನೆ. ದೀಪ 'ವೆಂಟ್ ಆಫ್' ಎಂದರೆ ಆರಿತು. ಅಲಾರಂ 'ವೆಂಟ್ ಆಫ್' ಎಂದರೆ ಬಡಿದುಕೊಂಡಿತು. ಹಾಲು 'ವೆಂಟ್ ಆಫ್' ಎಂದರೆ ಕೆಟ್ಟಿತು. ಬಾಂಬು 'ವೆಂಟ್ ಆಫ್' ಎಂದರೆ ಸಿಡಿಯಿತು. ಮಾವ 'ವೆಂಟ್ ಆಫ್' ಎಂದರೆ ಎದ್ದು ಹೊರಟುಹೋದರು. ಇಷ್ಟನ್ನೂ ಅವತ್ತು ಬೋರ್ಡಿನ ಮೇಲೆ ಬರೆದಿದ್ದರೆ ಮಕ್ಕಳು ಕುಣಿದಾಡುತ್ತಿದ್ದರು. ನಾನು ಹೇಳಿದ್ದು, "ಇಂಗ್ಲಿಷೇ ಹಾಗೆ ಕಣೋ, ಕೂತ್ಕೋ." ಮುಂದಿನ ವಾರ ಪರೀಕ್ಷೆ ಇತ್ತು, ಪಾಠ ಮುಗಿಯಬೇಕಿತ್ತು.

ಇಂಗ್ಲಿಷೇ ಹಾಗೆ ಎಂದದ್ದೂ ಪೂರ್ತಿ ಸರಿಯಲ್ಲ. ನಮ್ಮ ಮನೆಯ ಮಾತೇನು ಕಡಿಮೆಯೆ? ನಮ್ಮಜ್ಜಿ ದೀಪ 'ಆರಿಸು' ಎಂಬ ಮಾತನ್ನು ಬಾಯಲ್ಲಿ ತರುತ್ತಿರಲಿಲ್ಲ, ಅದು ಅಶುಭ. "ದೀಪ ದೊಡ್ಡದು ಮಾಡಿ ಮಲಕ್ಕೋ" ಅನ್ನುತ್ತಿದ್ದಳು. ಪಟ್ಟಣದಿಂದ ರಜೆಗೆ ಬಂದಿದ್ದ ನೆಂಟರ ಹುಡುಗಿ ಪಾಪ, ಲಾಟೀನಿನ ಬತ್ತಿಯನ್ನು ಪೂರ್ತಿ ಏರಿಸಿ ಗಾಜಿಗೆಲ್ಲ ಮಸಿ ಹಿಡಿಸಿದ್ದಳು. ಬಳೆ ಒಡೆದರೂ ಅಜ್ಜಿಯ ಬಾಯಲ್ಲಿ ಅದು 'ಹೆಚ್ಚಿತು'. ಆರುವುದಕ್ಕೆ ದೊಡ್ಡದಾಗುವುದು, ಒಡೆಯುವುದಕ್ಕೆ ಹೆಚ್ಚುವುದು! ಅಲಾರಂ 'ಆಫ್' ಆಗಿ ಬಡಿದುಕೊಂಡರೆ ನಮಗೇಕೆ ಆಶ್ಚರ್ಯ?

'ಕೈ ಕೊಡು' ನೋಡಿ. ಭತ್ತದ ಮೂಟೆ ಎತ್ತುವಾಗ "ಸ್ವಲ್ಪ ಕೈ ಕೊಡಪ್ಪ" ಎಂದರೆ ಸಹಾಯ ಮಾಡು. "ಅವನು ಕೈ ಕೊಟ್ಟ" ಎಂದರೆ ನಂಬಿಸಿ ಮೋಸ ಮಾಡಿದ. ಪಂಪ್‌ಸೆಟ್ಟೂ ಕೈ ಕೊಡುತ್ತದೆ. ಇಂಗ್ಲಿಷಿನವರೂ ಕೈ ಕೊಡುತ್ತಾರೆ. 'ಗಿವ್ ಮಿ ಎ ಹ್ಯಾಂಡ್' ಎಂದರೆ ನೆರವಾಗು, ವೇದಿಕೆಯ ಮೇಲೆ 'ಗಿವ್ ಹರ್ ಎ ಬಿಗ್ ಹ್ಯಾಂಡ್' ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ. ಮೋಸದ ಅರ್ಥ ಅಲ್ಲಿಲ್ಲ. ಹಾಗಾಗಿ ನಮ್ಮ ನುಡಿಗಟ್ಟನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸಲು ಬರುವುದಿಲ್ಲ, ಅವರದನ್ನು ತಂದು ಇಲ್ಲಿ ಇಳಿಸಲೂ ಬರುವುದಿಲ್ಲ.

ಎಲ್ಲಕ್ಕಿಂತ ಮಜಾ ಇರುವುದು 'ಬಿಡು'ವಿನಲ್ಲಿ. ಬಿಡು ಎಂದರೆ ತೊರೆ, ಕೈ ತೆಗೆ. ಆದರೆ "ತಿಂದುಬಿಡು" ಎಂದರೆ ತಿನ್ನುವುದನ್ನು ಬಿಡಬೇಕೋ? ಅಲ್ಲ, ಬಿಡದೆ ತಿಂದು ಮುಗಿಸಬೇಕು. "ಮಾಡಿ ನೋಡು" ಎಂದರೆ ಕಣ್ಣಿನಿಂದ ನೋಡುವುದಲ್ಲ, ಪ್ರಯತ್ನಿಸುವುದು. "ಒಡೆದುಹೋಯಿತು" ಅನ್ನುವ ಲೋಟ ಎಲ್ಲಿಗೂ ಹೋಗಿರುವುದಿಲ್ಲ. ಇಂಗ್ಲಿಷಿನಲ್ಲಿ 'ಆಫ್', 'ಅಪ್', 'ಔಟ್' ಕ್ರಿಯಾಪದದ ಹಿಂದೆ ನಿಂತು ಮಾಡುವ ಕೆಲಸವನ್ನೇ ಕನ್ನಡದಲ್ಲಿ ಬಿಡು, ನೋಡು, ಹೋಗು, ಕೊಳ್ಳು ಮಾಡುತ್ತವೆ. ನನ್ನ ಅಕ್ಕನ ಮಗ ರೈಲಿನಿಂದ ಕೂಗಿದ 'ಬಿಟ್ಟುಬಿಟ್ರು' ಎಂಬ ಒಂದೇ ಮಾತಿನಲ್ಲಿ ಎರಡು ಬಿಡು ಇವೆ, ಎರಡಕ್ಕೂ ಅರ್ಥ ಬೇರೆ. ಜರ್ಮನಿಯಿಂದ ಬಂದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ ಕಿಟೆಲ್ ಸಾಹೇಬರು ಈ 'ಬಿಡು'ವಿನ ಮುಂದೆ ಎಷ್ಟು ದಿನ ತಲೆ ಕೆರೆದುಕೊಂಡಿದ್ದರೋ! ಅತ್ತ ಇಂಗ್ಲೆಂಡಿನಲ್ಲಿ 1755ರಲ್ಲೇ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದಕ್ಕೆ ಸಣ್ಣ ಪದ ಅಂಟಿಸಿ ಅರ್ಥ ಬದಲಿಸುವ ಈ ರೂಢಿಯೇ ಪರಭಾಷಿಕರಿಗೆ ಅತ್ಯಂತ ಕಷ್ಟದ್ದು ಎಂದು ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ತುಸು ಸಮಾಧಾನವಾಯಿತು.

ಇವೆಲ್ಲ ನಗಿಸುವ ಸಂಗತಿಗಳು. ಹುಡುಗನ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದ್ದ ದಿನಗಳಲ್ಲಿ ನಗು ಬಾರದ ಎರಡು ಸಂಗತಿಗಳನ್ನೂ ಓದಿದೆ. ಮಕ್ಕಳಿಗೆ ಓದಿ ಹೇಳುವ ದೊಡ್ಡವರು ಇಲ್ಲಿ ತಮ್ಮ ವಿವೇಚನೆ ಬಳಸಿಕೊಳ್ಳಬಹುದು.

ಮೊದಲನೆಯದರಲ್ಲೂ ಬರುವುದು ಅದೇ ಪುಟ್ಟ 'ಲೆಟ್'. 1952ರ ನವೆಂಬರ್ 2ರ ರಾತ್ರಿ ಲಂಡನ್ನಿನ ದಕ್ಷಿಣದ ಕ್ರಾಯ್ಡನ್ನಿನಲ್ಲಿ ಇಬ್ಬರು ಹುಡುಗರು ಕಳ್ಳತನಕ್ಕೆಂದು ಗೋದಾಮೊಂದರ ಚಾವಣಿ ಹತ್ತಿದರು. ಡೆರೆಕ್ ಬೆಂಟ್ಲಿಗೆ 19 ವರ್ಷ. ಓದು ಬರಹ ಬಾರದ, ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ ಹುಡುಗ. ಕ್ರಿಸ್ಟೋಫರ್ ಕ್ರೇಗ್‌ಗೆ 16, ಅವನ ಕೈಯಲ್ಲಿ ರಿವಾಲ್ವರ್. ಪೊಲೀಸರು ಮೇಲೆ ಹತ್ತಿ ಬಂದು ಬೆಂಟ್ಲಿಯನ್ನು ಹಿಡಿದರು. ಆಗ ಬೆಂಟ್ಲಿ ಗೆಳೆಯನಿಗೆ 'ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್' ಎಂದು ಕೂಗಿದನೆಂದು ಪೊಲೀಸರು ನ್ಯಾಯಾಲಯದಲ್ಲಿ ಹೇಳಿದರು.

ಆ ಮಾತಿಗೆ ನೇರ ಅರ್ಥ: ಅವನಿಗೆ ಅದನ್ನು ಕೊಟ್ಟುಬಿಡು. ಅಂದರೆ, ಪೊಲೀಸನಿಗೆ ರಿವಾಲ್ವರ್ ಒಪ್ಪಿಸು. ರೂಢಿಯ ಅರ್ಥ: ಅವನಿಗೆ ಬಾರಿಸು, ಗುಂಡು ಹೊಡಿ. ನಮ್ಮ ಬೀದಿ ಜಗಳದಲ್ಲೂ "ಕೊಡೋ ಅವನಿಗೆ!" ಎಂದು ಕೂಗಿದರೆ ಯಾರೂ ಬಾಳೆಹಣ್ಣು ಕೊಡುವುದಿಲ್ಲವಲ್ಲ. ಅಂಥ ಮಾತೇ ಆಡಲಿಲ್ಲ ಎಂದು ಇಬ್ಬರು ಹುಡುಗರೂ ಹೇಳಿದರು. ಕ್ರೇಗ್ ಹಾರಿಸಿದ ಗುಂಡಿಗೆ ಸಿಡ್ನಿ ಮೈಲ್ಸ್ ಎಂಬ ಪೊಲೀಸ್ ಪೇದೆ ಸತ್ತಾಗ ಬೆಂಟ್ಲಿ ಆಗಲೇ ಪೊಲೀಸರ ವಶದಲ್ಲಿದ್ದ. ಆದರೆ ಆ ಮಾತಿನ ಎರಡನೆಯ ಅರ್ಥವೇ ಅವನ ವಿರುದ್ಧ ನಿಂತಿತು. ಗುಂಡು ಹೊಡೆದವನು ಗಲ್ಲಿಗೇರುವ ವಯಸ್ಸು ಮುಟ್ಟಿರದ ಕಾರಣ ಜೈಲಿಗೆ ಹೋದ. ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು. ಅವನ ಅಕ್ಕ ಐರಿಸ್ ತನ್ನ ಜೀವಮಾನವನ್ನೇ ಅವನ ಹೆಸರು ತೊಳೆಯಲು ಸವೆಸಿದಳು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಅಂದು ನ್ಯಾಯಾಧೀಶರು ಜ್ಯೂರಿಗೆ ಪ್ರಕರಣವನ್ನು ವಿವರಿಸಿದ ರೀತಿ ನ್ಯಾಯವಾಗಿರಲಿಲ್ಲ ಎಂಬುದು ಮುಖ್ಯ ಕಾರಣ. ಆದರೆ ಅದರ ಹಿಂದಿನ ವರ್ಷವೇ ಐರಿಸ್ ತೀರಿಕೊಂಡಿದ್ದಳು.

ಎರಡನೆಯದನ್ನು ಹೇಳುವ ಮೊದಲು ನಮ್ಮ 'ಹೊರಟೆ' ಎಂಬ ಮಾತನ್ನು ನೆನಪಿಸಬೇಕು. "ಎಲ್ಲಿದ್ದೀಯೋ?" ಎಂದು ನನ್ನ ತಮ್ಮನಿಗೆ ಫೋನ್ ಮಾಡಿದರೆ "ಇಗೋ, ಹೊರಟೆ ಅಕ್ಕ" ಅನ್ನುತ್ತಾನೆ. ಹೊರಟೆ ಎಂದರೆ ವ್ಯಾಕರಣದ ಪ್ರಕಾರ ಭೂತಕಾಲ. ಆದರೆ ಅವನು ಆಗಿನ್ನೂ ಸೋಪು ಹಚ್ಚಿಕೊಳ್ಳುತ್ತಿರಬಹುದು, ಚಪ್ಪಲಿ ಹುಡುಕುತ್ತಿರಬಹುದು, ಬಸ್ಸಿನಲ್ಲಿ ಕೂತೂ ಇರಬಹುದು. ನಮಗೆ ಅಭ್ಯಾಸವಾಗಿದೆ, ನಾವು ಅನ್ನದ ಕುಕ್ಕರನ್ನು ಅರ್ಧ ಗಂಟೆ ತಡವಾಗಿಯೇ ಇಡುತ್ತೇವೆ.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಒಂದಾದ ಟೆನೆರೀಫ್. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಚಿಕ್ಕ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಇರುವುದು ಒಂದೇ ರನ್‌ವೇ. ಪಕ್ಕದ ದಾರಿಯಲ್ಲಿ ವಿಮಾನಗಳು ನಿಂತದ್ದರಿಂದ ಹೊರಡುವ ವಿಮಾನಗಳು ರನ್‌ವೇಯ ಮೇಲೇ ಉರುಳಿಕೊಂಡು ಆಚೆ ತುದಿಗೆ ಹೋಗಬೇಕಿತ್ತು. ಮಧ್ಯಾಹ್ನವಾದ ಮೇಲೆ ಮಂಜು ಇಳಿಯಿತು. ಡಚ್ಚರ ಕೆ.ಎಲ್.ಎಂ. ಕಂಪನಿಯ ಬೋಯಿಂಗ್ 747 ಒಂದು ತುದಿಯಲ್ಲಿ ತಿರುಗಿ ಹಾರಲು ಸಜ್ಜಾಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು 747 ಇನ್ನೂ ಅದೇ ರನ್‌ವೇಯ ಮೇಲೆ ಎದುರಿನಿಂದ ಬರುತ್ತಿತ್ತು. ಇವರು ಅವರಿಗೆ ಕಾಣಿಸುತ್ತಿರಲಿಲ್ಲ. ಗೋಪುರದಲ್ಲಿದ್ದ ನಿಯಂತ್ರಕನಿಗೆ ಇಬ್ಬರೂ ಕಾಣಿಸುತ್ತಿರಲಿಲ್ಲ. ಮೂವರಿಗೂ ಉಳಿದಿದ್ದದ್ದು ಮಾತು ಮಾತ್ರ.

ನಿಯಂತ್ರಕ ಡಚ್ ವಿಮಾನಕ್ಕೆ ಹಾರಿದ ಮೇಲೆ ಹಿಡಿಯಬೇಕಾದ ದಾರಿಯನ್ನು ತಿಳಿಸಿದ. ಆ ಸೂಚನೆಯ ನಡುವೆ 'ಟೇಕಾಫ್' ಎಂಬ ಪದ ಬಂತು. ಅದು ದಾರಿಗೆ ಕೊಟ್ಟ ಒಪ್ಪಿಗೆ, ಹಾರಲು ಕೊಟ್ಟ ಅಪ್ಪಣೆಯಲ್ಲ. ಹೊರಡುವ ಅವಸರದಲ್ಲಿದ್ದ ಕ್ಯಾಪ್ಟನ್ ವಿಮಾನವನ್ನು ಮುಂದಕ್ಕೆ ಬಿಟ್ಟ. ಸಹ ಪೈಲಟ್ ಸೂಚನೆಯನ್ನು ಪುನರುಚ್ಚರಿಸುತ್ತಾ ಕೊನೆಗೆ 'ವಿ ಆರ್ ನೌ ಅಟ್ ಟೇಕಾಫ್' ಎಂದ. ಅವನ ಮನಸ್ಸಿನಲ್ಲಿದ್ದದ್ದು, ಹಾರುತ್ತಿದ್ದೇವೆ. ನಿಯಂತ್ರಕನಿಗೆ ಅರ್ಥವಾದದ್ದು, ಹಾರುವ ಜಾಗದಲ್ಲಿ ಬಂದು ನಿಂತಿದ್ದೇವೆ. ಡಚ್ ಭಾಷೆಯಲ್ಲಿ ಮಾಡುತ್ತಿರುವ ಕೆಲಸವನ್ನು ಹೇಳುವಾಗ 'ಅಟ್' ಎಂಬುದಕ್ಕೆ ಹತ್ತಿರದ ಪದ ಬರುತ್ತದೆ, ಅವಸರದಲ್ಲಿ ಮಾತೃಭಾಷೆಯ ಜಾಯಮಾನ ಇಂಗ್ಲಿಷಿನೊಳಗೆ ನುಸುಳಿರಬಹುದು ಎಂದು ಭಾಷೆ ಬಲ್ಲವರು ವಿವರಿಸಿದ್ದಾರೆ. ನಮ್ಮ 'ಹೊರಟೆ'ಯ ಕಥೆಯೇ, ಮಂಜಿನಲ್ಲಿ.

ನಿಯಂತ್ರಕ 'ಓಕೆ' ಎಂದ. ಅದರ ಹಿಂದೆಯೇ, ಕಾಯಿರಿ, ನಾನು ಕರೆಯುತ್ತೇನೆ ಎಂದೂ ಹೇಳಿದ. ಅದೇ ಕ್ಷಣದಲ್ಲಿ ಪ್ಯಾನ್ ಆಮ್‌ನವರೂ ಗಾಬರಿಯಿಂದ, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದರು. ಎರಡು ದನಿಗಳು ಒಂದೇ ತರಂಗದಲ್ಲಿ ಡಿಕ್ಕಿಯಾಗಿ ಡಚ್ ವಿಮಾನದೊಳಗೆ ಕೇಳಿಸಿದ್ದು 'ಓಕೆ' ಮತ್ತು ಒಂದು ಕೀರಲು ಸದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ನಂತರದ ಕೆಲವು ಕ್ಷಣಗಳು. ಆ ವಿಮಾನದ ಫ್ಲೈಟ್ ಇಂಜಿನಿಯರ್‌ಗೆ ಮಾತ್ರ ಅನುಮಾನ ಬಂತು. ಆ ಪ್ಯಾನ್ ಆಮ್ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಅವನು ಕೇಳಿದ. ಕ್ಯಾಪ್ಟನ್ ಆ ಕಂಪನಿಯ ಅತಿ ಹಿರಿಯರಲ್ಲಿ ಒಬ್ಬ. ಬಿಟ್ಟಿದೆ ಎಂದು ಖಂಡಿತವಾದ ದನಿಯಲ್ಲಿ ಹೇಳಿದ. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳಿಂದ 583 ಜನ ಸತ್ತರು. ಬದುಕಿದವರು 61, ಎಲ್ಲರೂ ಪ್ಯಾನ್ ಆಮ್‌ನವರು.

ಅಂದಿನಿಂದ ವಿಮಾನಯಾನದಲ್ಲಿ ಮಾತಿನ ಮೇಲೆ ಬಿಗಿ ಕಟ್ಟುಪಾಡು ಬಂದಿದೆ. ಹಾರಲು ಅಪ್ಪಣೆ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ 'ಟೇಕಾಫ್' ಎನ್ನಬೇಕು. ಉಳಿದೆಲ್ಲ ಕಡೆ 'ಡಿಪಾರ್ಚರ್'. ಮುಖ್ಯವಾದ ಸೂಚನೆಯನ್ನು ಬರೀ 'ಓಕೆ' ಎಂದು ಒಪ್ಪಿಕೊಳ್ಳುವಂತಿಲ್ಲ, ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಕಿರಿಯರು ಹಿರಿಯ ಕ್ಯಾಪ್ಟನ್ನನನ್ನು ಧೈರ್ಯವಾಗಿ ಪ್ರಶ್ನಿಸುವುದನ್ನೂ ಈಗ ತರಬೇತಿಯಲ್ಲೇ ಕಲಿಸುತ್ತಾರೆ. ಅದನ್ನು ಓದಿ ನಾನು ಹಿಂದಿನ ಬೆಂಚಿನ ಹುಡುಗನನ್ನು ನೆನೆದೆ. ಇಂಗ್ಲಿಷೇ ಹಾಗೆ ಕಣೋ, ಕೂತ್ಕೋ ಎಂದಿದ್ದೆನಲ್ಲ.

ಭಾಷೆ ಚೆನ್ನಾಗಿ ಬಂದವರೂ ಎಡವುತ್ತಾರೆ ಎಂಬುದಕ್ಕೆ ಒಂದು ಹಗುರ ಉದಾಹರಣೆ ಚರ್ಚಿಲ್ ಬರೆದಿರುವ ಎರಡನೇ ಮಹಾಯುದ್ಧದ ಇತಿಹಾಸದಲ್ಲಿದೆ. ಬ್ರಿಟಿಷ್ ಮತ್ತು ಅಮೆರಿಕದ ಅಧಿಕಾರಿಗಳು ಒಂದು ಸಭೆಯಲ್ಲಿ ಬಹಳ ಹೊತ್ತು ಜಗಳವಾಡಿದರಂತೆ. ಒಂದು ಟಿಪ್ಪಣಿಯನ್ನು 'ಟೇಬಲ್' ಮಾಡೋಣ ಎಂದು ಬ್ರಿಟಿಷರು, ಕೂಡದು ಎಂದು ಅಮೆರಿಕದವರು. ಬ್ರಿಟಿಷರಲ್ಲಿ 'ಟೇಬಲ್' ಮಾಡು ಎಂದರೆ ಈಗಲೇ ಚರ್ಚೆಗೆ ತೆಗೆದುಕೋ. ಅಮೆರಿಕದಲ್ಲಿ ಪಕ್ಕಕ್ಕಿಡು. ಇಬ್ಬರಿಗೂ ಬೇಕಾಗಿದ್ದದ್ದು ತಕ್ಷಣದ ಚರ್ಚೆಯೇ! ನಮ್ಮ ವಿಧಾನಸೌಧದಲ್ಲಿ ನಡೆಯುವುದು ಬ್ರಿಟಿಷ್ ಅರ್ಥ. 'ಟೇಬಲ್ ಮಾಡಿದರು' ಎಂದರೆ ಪತ್ರಿಕೆಯವರು 'ಮಂಡಿಸಿದರು' ಎಂದು ಬರೆಯುತ್ತಾರೆ.

ಇನ್ನು ತಿಳಿದೂ ತಿಳಿದೂ ಎರಡರ್ಥದ ಮಾತಾಡುವುದುಂಟು. ತಂತಿ ಸಮಾಚಾರದ ಕಾಲದವರಿಗೆ ಇದು ಗೊತ್ತು. 2013ರಲ್ಲಿ ನಿಂತ ಆ ಸೇವೆಯಲ್ಲಿ ಎಷ್ಟು ಸಾವಿರ ಸಲ 'ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ' ಎಂಬ ಸಾಲು ಹೋಗಿದೆಯೋ. ಇಂಗ್ಲಿಷಿನ ಒಂದಕ್ಷರ ಬಾರದ ನಮ್ಮಜ್ಜಿಯೂ ತಂತಿಯ ಪೇದೆ ಸೈಕಲ್ ನಿಲ್ಲಿಸಿದ ರೀತಿ ನೋಡಿಯೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. 'ಸೀರಿಯಸ್' ಎಂದರೆ ಮುಗಿಯಿತು ಎಂದು ಅವಳಿಗೆ ಯಾವ ನಿಘಂಟೂ ಹೇಳಿಕೊಟ್ಟಿರಲಿಲ್ಲ. ಯಾರು, ಯಾವಾಗ, ಯಾರಿಗೆ ಹೇಳಿದರು ಎಂಬುದರಿಂದ ಅವಳು ಅರ್ಥ ತೆಗೆದಿದ್ದಳು.

ಈಗ ನಿವೃತ್ತಿಯಾಗಿದೆ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಏಳೆಂಟು ಮಕ್ಕಳು ಜಗಲಿಗೆ ಬಂದು ಕೂರುತ್ತಾರೆ. ಪದದ ಮುಂದೆ ಸಮ ಚಿಹ್ನೆ ಹಾಕಿ ಅರ್ಥ ಬರೆಸುವುದನ್ನು ಬಿಟ್ಟಿದ್ದೇನೆ. ಇಡೀ ವಾಕ್ಯ ಬರೆಯಬೇಕು, ಅದನ್ನು ಯಾರು ಯಾರಿಗೆ ಹೇಳಿದರು ಎಂದು ಅಂಚಿನಲ್ಲಿ ಬರೆಯಬೇಕು. 'ಪುಟ್ ಔಟ್ ದಿ ಫೈರ್' ಎಂದಾಗ ಬೆಂಕಿ ಆರಿಸಬೇಕು, 'ಪುಟ್ ಔಟ್ ದಿ ಚೇರ್ಸ್' ಎಂದಾಗ ಕುರ್ಚಿ ಹಾಕಬೇಕು. ಹಿಂದೆ ಮುಂದೆ ಏನಿದೆ ಎಂದು ನೋಡುವುದು ಹೀಗೆ ರೂಢಿಯಾಗುತ್ತದೆ. ಅರ್ಥ ಹೊಂದದಿದ್ದರೆ ಕಲಿಯುವವರ ನಿಘಂಟು ತೆಗೆಯಬೇಕು, ಒಂಟಿ ಪದದ ಕೆಳಗೆ ಜೋಡಿಪದಗಳ ಪಟ್ಟಿಯೇ ಇರುತ್ತದೆ. ನಾನು ಬಳಸುವುದು ಹಾರ್ನ್‌ಬಿಯವರ ಹೆಸರಿನ ಆಕ್ಸ್‌ಫರ್ಡ್ ನಿಘಂಟು. ಅದು ಮೊದಲು ಅಚ್ಚಾದದ್ದು ಇಂಗ್ಲೆಂಡಿನಲ್ಲಲ್ಲ, 1942ರಲ್ಲಿ ಜಪಾನಿನಲ್ಲಿ. ಹಾರ್ನ್‌ಬಿ ಅಲ್ಲಿ ಮೇಷ್ಟ್ರಾಗಿದ್ದರು. ಜಪಾನಿ ಹುಡುಗರು ಎಲ್ಲೆಲ್ಲಿ ಎಡವುತ್ತಾರೆ ಎಂದು ಕಣ್ಣಾರೆ ಕಂಡವರು. ನಾನೂ 31 ವರ್ಷ ಕಂಡೆ, ನಿಘಂಟು ಹೋಗಲಿ, ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಲಿಲ್ಲ.

ಮಕ್ಕಳಿಂದ ಬಾಯಿಪಾಠ ಮಾಡಿಸುವುದು ಒಂದೇ ಒಂದು ವಾಕ್ಯ: 'ಡು ಯು ಮೀನ್...?' ನೀವು ಹೇಳಿದ್ದು ಇದಾ, ಅದಾ? ಇದನ್ನು ಕಲಿಸುವುದೇ ಕಷ್ಟ. ಪದ್ಯವನ್ನು ಗಟ್ಟಿಯಾಗಿ ಒಪ್ಪಿಸುವ ಹುಡುಗಿ ಈ ಮೂರು ಪದ ಹೇಳಲು ಗೋಡೆ ನೋಡುತ್ತಾಳೆ. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಎಂಬ ಭಯ. ಆ ಭಯವನ್ನು ನಮ್ಮಂಥ ಮೇಷ್ಟ್ರುಗಳೇ ಸೇರಿ ಬೆಳೆಸಿದ್ದು.

ಅಕ್ಕನ ಮಗ ಐದು ತಿಂಗಳು ಅಲೆದ. ಕಂತನ್ನು ಅಕ್ಕ ಬಳೆ ಅಡವಿಟ್ಟು ಕಟ್ಟಿದಳು. ಅವನ ಬಯೋಡೇಟಾ ತಿದ್ದುವಾಗ 'ಪಾಸ್ಡ್ ಔಟ್' ಎಂದಿದ್ದುದನ್ನು ಹೊಡೆದುಹಾಕಿ 'ಗ್ರಾಜುಯೇಟೆಡ್' ಎಂದು ಬರೆಸಿದೆ. ನಮ್ಮ ದೇಶದಲ್ಲಿ ಅದು ಸರಿಯೇ, ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ 'ಪಾಸಿಂಗ್ ಔಟ್ ಪರೇಡ್' ಎಂದೇ ನಡೆಯುತ್ತದೆ. ಆದರೆ ಅಮೆರಿಕದವರು ಓದಿದರೆ ಈ ಹುಡುಗ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿದ್ದ ಎಂದುಕೊಂಡಾರು. "ಗಣಿತದ ಮಾರ್ಕ್ಸ್ ನೋಡಿ ಬಿದ್ದಿದ್ದೆ ಚಿಕ್ಕಮ್ಮ, ಎರಡೂ ಅರ್ಥ ಸರಿಯಾಗುತ್ತೆ" ಎಂದ. ಅವನು ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು.

ಕೆಲಸ ಸಿಕ್ಕಿತು. ಅಲ್ಲೂ ಹೊರದೇಶದ ಸಾಹೇಬರೇ, ಈ ಸಲ ಅಮೆರಿಕದವರು. ಸೇರಿದ ಎರಡನೇ ವಾರ ಫೋನಿನಲ್ಲಿ ಕೆಲಸದ ಮಾತೆಲ್ಲ ಮುಗಿದ ಮೇಲೆ ಅವರು, 'ಓಕೆ, ಐ ವಿಲ್ ಲೆಟ್ ಯು ಗೋ' ಎಂದರಂತೆ. ಹುಡುಗನ ಎದೆ ಧಸಕ್ ಎಂದಿತು. ಕೈ ಒದ್ದೆಯಾಯಿತು. ಆದರೂ ಉಸಿರು ಹಿಡಿದು ಕೇಳಿಯೇಬಿಟ್ಟ: 'ಡು ಯು ಮೀನ್ ಫ್ರಮ್ ದಿ ಕಾಲ್, ಸರ್, ಆರ್ ಫ್ರಮ್ ದಿ ಕಂಪನಿ?'

ಆಚೆಯಿಂದ ಜೋರು ನಗು. ಫೋನಿನಿಂದ ಅಷ್ಟೇ ಮಾರಾಯ, ನಿನ್ನ ಹೊತ್ತು ಹಾಳುಮಾಡುವುದಿಲ್ಲ ಎಂದೆ ಎಂಬರ್ಥದಲ್ಲಿ ಹೇಳಿದರಂತೆ. ಫೋನ್ ಇಡುವ ಮುಂಚೆ ಅಮೆರಿಕದವರು ಸೌಜನ್ಯಕ್ಕೆ ಹಾಗನ್ನುತ್ತಾರೆ. ಅದೇ ಮಾತಿನ ಮೂರನೆಯ ಅರ್ಥ! ಅವತ್ತೇ ನನ್ನ ಭಾನುವಾರದ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡೆ. ಯಾರು ಯಾರಿಗೆ ಎಂಬ ಅಂಚಿನಲ್ಲಿ, ಸಾಹೇಬರು ನಮ್ಮ ಹುಡುಗನಿಗೆ ಎಂದು.

ಹೋದ ಶನಿವಾರ ಅವನು ಊರಿಗೆ ಬರುವುದಿತ್ತು. ಒಬ್ಬಟ್ಟಿಗೆ ಹೂರಣ ರುಬ್ಬುತ್ತಾ ಫೋನ್ ಮಾಡಿದೆ.

"ಎಲ್ಲಿದ್ದೀಯೋ?"

"ಹೊರಟೆ ಚಿಕ್ಕಮ್ಮ."

"ಹೊರಟೆ ಅಂದ್ರೆ? ರೈಲಲ್ಲಿ ಕೂತಿದ್ದೀಯೋ, ರೂಮಲ್ಲೇ ಇದ್ದೀಯೋ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ರೂಮಲ್ಲೇ ಇದ್ದೀನಿ" ಎಂದ.

ಒಬ್ಬಟ್ಟು ತಟ್ಟುವುದನ್ನು ಸಂಜೆಗೆ ಮುಂದೂಡಿದೆ.